ಕೇಳಿಸುತ್ತದೆ, ಆದರೆ ಅರ್ಥವಾಗುವುದಿಲ್ಲ: ಗದ್ದಲದ ನಡುವೆ ಶ್ರವಣ ಸಾಧನ

"ಮೆಷಿನ್ ಹಾಕಿಕೊಂಡರೂ ಕೇಳುವುದಿಲ್ಲ" ಎಂಬ ದೂರು ನಮ್ಮ ಮನೆಗಳಲ್ಲಿ ಹೊಸದಲ್ಲ. ಸಾವಿರಾರು ರೂಪಾಯಿ, ಕೆಲವೊಮ್ಮೆ ಲಕ್ಷಕ್ಕೂ ಮೀರಿ ಹಣ ಕೊಟ್ಟು ತಂದ ಶ್ರವಣ ಸಾಧನ ಒಂದೆರಡು ತಿಂಗಳಲ್ಲೇ ಕಪಾಟು ಸೇರುತ್ತದೆ. ವಿದೇಶದಲ್ಲಿರುವ ಮಕ್ಕಳು ಪ್ರೀತಿಯಿಂದ ಕೊಡಿಸಿದ್ದಾದರೆ ಬೇಸರ ಇನ್ನೂ ಹೆಚ್ಚು. ಮನೆಯಲ್ಲಿ ಒಬ್ಬರೇ ಎದುರು ಕುಳಿತು ಮಾತನಾಡಿದರೆ ಎಲ್ಲವೂ ಕೇಳುತ್ತದೆ. ಆದರೆ ಮದುವೆ ಹಾಲ್‌ನಲ್ಲಿ, ರೋಸ್ ಕಾರ್ಯಕ್ರಮದ ಚಪ್ಪರದಲ್ಲಿ, ಹಬ್ಬದ ಊಟದ ಮೇಜಿನಲ್ಲಿ ಅದೇ ಸಾಧನ ಕೈಕೊಡುತ್ತದೆ. ಶಬ್ದವೇನೋ ಕಿವಿಗೆ ಬೀಳುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ. ಹಿರಿಯರು ಮೊದಮೊದಲು ಅರ್ಥವಾದವರಂತೆ ನಕ್ಕು ತಲೆಯಾಡಿಸುತ್ತಾರೆ. ಕ್ರಮೇಣ ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟುಬಿಡುತ್ತಾರೆ.

ಈ ದೂರಿನಲ್ಲಿ ಸತ್ಯಾಂಶವಿದೆ. ಹಾಗೆಂದು ಸಾಧನ ಕೆಟ್ಟಿದೆ ಎಂದೋ, ಹಿರಿಯರು ಗಮನ ಕೊಡುತ್ತಿಲ್ಲ ಎಂದೋ ತೀರ್ಮಾನಿಸುವುದು ಸರಿಯಲ್ಲ. ಗದ್ದಲದಲ್ಲಿ ಮಾತು ನಮಗೆ ಅರ್ಥವಾಗುವುದು ಹೇಗೆ? 'ನಾಯ್ಸ್ ರಿಡಕ್ಷನ್' ಎಂದು ಜಾಹೀರಾತುಗಳಲ್ಲಿ ಹೊಗಳುವ ಸೌಲಭ್ಯ ನಿಜವಾಗಿ ಏನು ಮಾಡುತ್ತದೆ, ಏನನ್ನು ಮಾಡಲಾರದು? ಸಾಧನದಿಂದ ಆಗದೆ ಉಳಿದದ್ದನ್ನು ನಾವು ಹೇಗೆ ತುಂಬಿಕೊಡಬಹುದು? ಇವನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಕಿವಿ ಕೇಳುತ್ತದೆ, ಮಿದುಳು ಆರಿಸುತ್ತದೆ

ನೂರು ಜನ ಒಟ್ಟಿಗೆ ಮಾತನಾಡುತ್ತಿರುವ ಕೋಣೆಯಲ್ಲಿಯೂ ನಮಗೆ ಬೇಕಾದ ಒಬ್ಬರ ಮಾತನ್ನು ಹಿಡಿದು ಕೇಳಬಲ್ಲೆವು. ಇದು ಎಂಥ ಸಾಮರ್ಥ್ಯ ಎಂಬುದನ್ನು ಬ್ರಿಟಿಷ್ ವಿಜ್ಞಾನಿ ಕಾಲಿನ್ ಚೆರಿ 1953ರಲ್ಲಿ ಪ್ರಯೋಗಗಳ ಮೂಲಕ ಪರಿಶೀಲಿಸಿದರು. ಒಬ್ಬನೇ ವ್ಯಕ್ತಿಯ ಧ್ವನಿಯಲ್ಲಿದ್ದ ಎರಡು ಬೇರೆ ಬೇರೆ ಮಾತುಗಳನ್ನು ಒಂದರ ಮೇಲೊಂದು ಬರುವಂತೆ ಎರಡೂ ಕಿವಿಗಳಿಗೆ ಕೇಳಿಸಿದಾಗ, ಅವನ್ನು ಬಿಡಿಸಿಕೊಳ್ಳಲು ಕೇಳುಗರು ಬಹಳ ಕಷ್ಟಪಟ್ಟರು. ಒಂದು ಮಾತನ್ನು ಬಲಗಿವಿಗೆ, ಇನ್ನೊಂದನ್ನು ಎಡಗಿವಿಗೆ ಕೊಟ್ಟಾಗ ಬೇಕಾದುದನ್ನು ಸುಲಭವಾಗಿ ಹಿಡಿದರು. ವಿಜ್ಞಾನಿಗಳು ಇದನ್ನು 'ಕಾಕ್‌ಟೇಲ್ ಪಾರ್ಟಿ ಪರಿಣಾಮ' ಎನ್ನುತ್ತಾರೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಗದ್ದಲದಲ್ಲಿ ಮಾತನ್ನು ಆರಿಸುವ ಕೆಲಸ ನಡೆಯುವುದು ಮಿದುಳಿನಲ್ಲಿ. ಎರಡನೆಯದು, ಆ ಕೆಲಸಕ್ಕೆ ಎರಡೂ ಕಿವಿಗಳಿಂದ ಬರುವ ಮಾಹಿತಿ ಬೇಕು. ಶಬ್ದ ಯಾವ ಕಿವಿಗೆ ಮೊದಲು ತಲುಪಿತು, ಯಾವ ಕಿವಿಗೆ ಜೋರಾಗಿ ತಲುಪಿತು ಎಂಬ ಸೂಕ್ಷ್ಮ ವ್ಯತ್ಯಾಸದಿಂದಲೇ ಮಿದುಳು ದಿಕ್ಕನ್ನು ಗುರುತಿಸಿ ಒಂದು ಧ್ವನಿಯನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ. ಎರಡೂ ಕಿವಿಗಳಲ್ಲಿ ದೋಷವಿದ್ದಾಗ ಹಣ ಉಳಿಸಲೆಂದು ಒಂದೇ ಕಿವಿಗೆ ಸಾಧನ ಹಾಕಿಸಿಕೊಂಡವರು ಹೆಚ್ಚು ಕಷ್ಟಪಡುವುದು ಇಂಥ ಗದ್ದಲದ ಸ್ಥಳಗಳಲ್ಲೇ.

ವ್ಯಂಜನ ಜಾರಿದರೆ ಮಾತು ಜಾರಿದಂತೆ

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯಾ ಎಂಬ ಅಂಗವಿದೆ. ಅದರಲ್ಲಿ ಕೂದಲಿನಂಥ ಎಳೆಗಳುಳ್ಳ ಸೂಕ್ಷ್ಮ ಕೋಶಗಳಿವೆ. ಪ್ರತಿ ಕಿವಿಯಲ್ಲಿ ಸುಮಾರು 3,500 ಒಳ ಕೋಶಗಳು ಶಬ್ದವನ್ನು ನರಕ್ಕೆ ದಾಟಿಸುತ್ತವೆ. ಸುಮಾರು 12,000 ಹೊರ ಕೋಶಗಳು ಮೆಲುದನಿಯನ್ನು ಹಿಗ್ಗಿಸುತ್ತವೆ ಮತ್ತು ಒಂದು ಸ್ವರವನ್ನು ಅದರ ಪಕ್ಕದ ಸ್ವರದಿಂದ ಬೇರ್ಪಡಿಸುತ್ತವೆ. ವಯಸ್ಸು, ಬಹುಕಾಲದ ಗದ್ದಲ, ಕೆಲವು ಔಷಧಿಗಳು ಈ ಕೋಶಗಳನ್ನು ಹಾಳುಮಾಡುತ್ತವೆ. ಒಮ್ಮೆ ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ವಯಸ್ಸಾದಂತೆ ಮೊದಲು ಹೋಗುವುದು ಸಾಮಾನ್ಯವಾಗಿ ಕೀಚಲು ಸ್ವರಗಳನ್ನು ಗ್ರಹಿಸುವ ಶಕ್ತಿ. ಅ, ಆ, ಒ, ಓ ಮುಂತಾದ ಸ್ವರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿರುವುದರಿಂದ ಅವು ಚೆನ್ನಾಗಿಯೇ ಕೇಳುತ್ತವೆ. ಸ, ಶ, ತ, ಕ, ಪ ಮುಂತಾದ ವ್ಯಂಜನಗಳು ಮೆಲುವಾದವು, ಅವುಗಳ ಗುರುತು ಹೆಚ್ಚಾಗಿ ಮೇಲಿನ ಕಂಪನಗಳಲ್ಲಿದೆ. ಅವು ಜಾರಿದರೆ 'ಹಾಲು', 'ಸಾಲು', 'ಕಾಲು', 'ಪಾಲು' ಎಲ್ಲವೂ ಒಂದೇ ರೀತಿ ಕೇಳುತ್ತವೆ. ಯಾರೋ ಮಾತನಾಡಿದರು ಎಂಬುದು ತಿಳಿಯುತ್ತದೆ; ಏನೆಂದರು ಎಂಬುದು ತಿಳಿಯುವುದಿಲ್ಲ.

ಶ್ರವಣ ಸಾಧನ ಆ ವ್ಯಂಜನಗಳನ್ನು ಜೋರು ಮಾಡಿ ಮತ್ತೆ ಕೇಳುವಂತೆ ಮಾಡುತ್ತದೆ. ಇದು ದೊಡ್ಡ ಉಪಕಾರ. ಆದರೆ ಹೊರ ಕೋಶಗಳು ಮಾಡುತ್ತಿದ್ದ ಬೇರ್ಪಡಿಸುವ ಕೆಲಸವನ್ನು ಅದು ಹಿಂದಕ್ಕೆ ತರಲಾರದು. ಮಸುಕಾದ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಚಿತ್ರ ದೊಡ್ಡದಾಗುತ್ತದೆ, ಮಸುಕು ಹೋಗುವುದಿಲ್ಲ. ಆರೋಗ್ಯವಂತ ಕಿವಿ ಗದ್ದಲ ಒಂದು ಕ್ಷಣ ತಗ್ಗಿದಾಗ ಆ ಸಂದಿಯಲ್ಲಿ ಮಾತಿನ ತುಣುಕನ್ನು ಹಿಡಿದುಬಿಡುತ್ತದೆ. ದೋಷವಿರುವ ಕಿವಿಗೆ ಆ ಚುರುಕು ಉಳಿದಿರುವುದಿಲ್ಲ.

ಇನ್ನೊಂದು ವಿಷಯ. ಶಬ್ದ ಬಾರದ ಕೋಣೆಯಲ್ಲಿ ಕೂರಿಸಿ 'ಬೀಪ್' ಕೇಳಿಸಿ ಮಾಡುವ ಪರೀಕ್ಷೆ ಅಗತ್ಯವೇ ಆದರೂ, ಗದ್ದಲದಲ್ಲಿ ಒಬ್ಬರು ಹೇಗೆ ಕೇಳಬಲ್ಲರು ಎಂಬುದನ್ನು ಅದು ಪೂರ್ತಿ ಹೇಳುವುದಿಲ್ಲ. ಒಂದೇ ರೀತಿಯ ವರದಿ ಇರುವ ಇಬ್ಬರಲ್ಲಿ ಒಬ್ಬರು ಮದುವೆ ಮನೆಯಲ್ಲಿ ಸಲೀಸಾಗಿ ಹರಟಬಹುದು, ಇನ್ನೊಬ್ಬರು ಏನೂ ತಿಳಿಯದೆ ಕೂರಬಹುದು. ಇಲಿಗಳ ಮೇಲೆ ಪ್ರಯೋಗ ನಡೆಸಿದ ಅಮೆರಿಕದ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್, ಜೋರು ಶಬ್ದದ ನಂತರ ಕೇಳುವ ಮಟ್ಟ ಮೊದಲಿನಂತೆ ಸುಧಾರಿಸಿದರೂ ಕೋಶಕ್ಕೂ ನರಕ್ಕೂ ಇರುವ ಕೊಂಡಿಗಳು ಶಾಶ್ವತವಾಗಿ ಹಾಳಾಗಿರುವುದನ್ನು 2009ರಲ್ಲಿ ತೋರಿಸಿದರು. ಸಾಮಾನ್ಯ ಪರೀಕ್ಷೆಗೆ ಸಿಗದ ದೋಷವೂ ಇರಬಹುದು ಎಂಬ ವಿಚಾರಕ್ಕೆ ಇದರಿಂದ ಬಲ ಬಂತು.

ಗದ್ದಲದ ಲೆಕ್ಕ

ಶಬ್ದವನ್ನು ಅಳೆಯುವುದು ಡೆಸಿಬೆಲ್‌ನಲ್ಲಿ. ಒಂದು ಮೀಟರ್ ದೂರದಿಂದ ಸಹಜವಾಗಿ ಆಡಿದ ಮಾತು ಸುಮಾರು 60 ಡೆಸಿಬೆಲ್ ಇರುತ್ತದೆ. ಮಾತು ಎಷ್ಟು ಜೋರಾಗಿದೆ ಎಂಬುದಕ್ಕಿಂತ ಸುತ್ತಲಿನ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬುದೇ ಇಲ್ಲಿ ಮುಖ್ಯ. ಎರಡೂ ಸರಿಸಮವಾಗಿದ್ದರೂ ಆರೋಗ್ಯವಂತ ಕಿವಿಯವರು ಮಾತಿನ ಹೆಚ್ಚಿನ ಭಾಗವನ್ನು ಹಿಡಿಯಬಲ್ಲರು. ಶ್ರವಣ ದೋಷವಿರುವವರಿಗೆ ಮಾತು ಗದ್ದಲಕ್ಕಿಂತ 5 ಅಥವಾ 10 ಡೆಸಿಬೆಲ್ ಮೇಲಿದ್ದರೆ ಮಾತ್ರ ಅಷ್ಟು ತಿಳಿಯಬಹುದು. ಕೇವಲ ವಾಲ್ಯೂಮ್ ಹೆಚ್ಚಿಸಿದರೆ ಮಾತೂ ಏರುತ್ತದೆ, ಗದ್ದಲವೂ ಏರುತ್ತದೆ. ಇವೆರಡರ ನಡುವಿನ ಅಂತರ ಇದ್ದಲ್ಲೇ ಇರುತ್ತದೆ. ಆದ್ದರಿಂದ ಗದ್ದಲದಲ್ಲಿ ಕೇಳುವ ಸಮಸ್ಯೆಗೆ ನಿಜವಾದ ಪರಿಹಾರವೆಂದರೆ ಈ ಅಂತರವನ್ನು ಹೆಚ್ಚಿಸುವುದು.

ನಾಯ್ಸ್ ರಿಡಕ್ಷನ್ ಮಾಡುವುದೇನು?

ಪೂರ್ಣ ಡಿಜಿಟಲ್ ಶ್ರವಣ ಸಾಧನಗಳು ಮಾರುಕಟ್ಟೆಗೆ ಬಂದದ್ದು 1996ರ ಸುಮಾರಿಗೆ. ಇವು ಬರುವ ಶಬ್ದವನ್ನು ಹಲವು ಪಟ್ಟಿಗಳಾಗಿ ವಿಂಗಡಿಸಿ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಪರಿಶೀಲಿಸುತ್ತವೆ. ನಮ್ಮ ಮಾತು ಏರಿಳಿಯುತ್ತಾ ಸಾಗುತ್ತದೆ. ಸೆಕೆಂಡಿಗೆ ನಾಲ್ಕೈದು ಅಕ್ಷರಗಳ ಲಯ ಅದಕ್ಕಿದೆ. ಫ್ಯಾನು, ಮಿಕ್ಸಿ, ಬಸ್ಸಿನ ಇಂಜಿನ್ನು ಒಂದೇ ಸಮನೆ ಶಬ್ದ ಮಾಡುತ್ತವೆ. ಯಾವ ಪಟ್ಟಿಯಲ್ಲಿ ಏರಿಳಿತವಿಲ್ಲದ ಶಬ್ದ ತುಂಬಿದೆಯೋ ಅದನ್ನು ಸಾಧನ ತಗ್ಗಿಸುತ್ತದೆ. ಆಟಿ ತಿಂಗಳ ಮಳೆ ತಗಡಿನ ಮಾಡಿನ ಮೇಲೆ ಸುರಿಯುವಾಗ ಈ ಸೌಲಭ್ಯದ ಉಪಯೋಗ ಚೆನ್ನಾಗಿ ತಿಳಿಯುತ್ತದೆ.

ಆದರೆ ಮದುವೆ ಹಾಲ್‌ನ ಗದ್ದಲವೆಂದರೆ ಜನರ ಮಾತೇ. ಅದಕ್ಕೂ ಅದೇ ಏರಿಳಿತ, ಅದೇ ಲಯ. ಯಾರ ಮಾತು ಬೇಕು, ಯಾರದು ಬೇಡ ಎಂಬುದು ಸಾಧನಕ್ಕೆ ಹೇಗೆ ತಿಳಿಯಬೇಕು? ಅಲ್ಲದೆ ಗದ್ದಲವಿರುವ ಪಟ್ಟಿಯನ್ನು ತಗ್ಗಿಸಿದಾಗ ಅದೇ ಪಟ್ಟಿಯಲ್ಲಿರುವ ಮಾತಿನ ಅಂಶವೂ ತಗ್ಗುತ್ತದೆ. ಆದಕಾರಣ ಈ ಸಾಂಪ್ರದಾಯಿಕ ನಾಯ್ಸ್ ರಿಡಕ್ಷನ್‌ನಿಂದ ಮಾತು ಅರ್ಥವಾಗುವ ಪ್ರಮಾಣ ಹೆಚ್ಚೇನೂ ಏರುವುದಿಲ್ಲ ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಹಾಗಾದರೆ ಇದು ವ್ಯರ್ಥವೇ? ಖಂಡಿತ ಅಲ್ಲ. ಕಿವಿಗೆ ಹಿತವೆನಿಸುತ್ತದೆ, ದಣಿವು ಕಡಿಮೆಯಾಗುತ್ತದೆ. ಇಡೀ ದಿನ ಸಾಧನವನ್ನು ತೆಗೆಯದೆ ಇರಲು ಸಾಧ್ಯವಾಗುವುದೂ ಸಣ್ಣ ಲಾಭವಲ್ಲ. ಅದರಿಂದ ಸಿಗುವುದು ನೆಮ್ಮದಿ, ಸ್ಪಷ್ಟತೆಯಲ್ಲ ಎಂಬುದನ್ನು ತಿಳಿದು ಖರೀದಿಸಿದರೆ ನಿರಾಶೆಯಾಗುವುದಿಲ್ಲ.

ಎರಡು ಮೈಕ್‌ಗಳ ಉಪಾಯ

ಮಾತು ಮತ್ತು ಗದ್ದಲದ ನಡುವಿನ ಅಂತರವನ್ನು ನಿಜವಾಗಿಯೂ ಹೆಚ್ಚಿಸುವ ಸೌಲಭ್ಯವೆಂದರೆ ದಿಕ್ಕನ್ನು ಗುರುತಿಸುವ ಮೈಕ್, ಅಂದರೆ 'ಡೈರೆಕ್ಷನಲ್ ಮೈಕ್ರೋಫೋನ್'. ಸಾಧನದ ಮೇಲೆ ಸುಮಾರು ಒಂದು ಸೆಂಟಿಮೀಟರ್ ಅಂತರದಲ್ಲಿ ಎರಡು ಮೈಕ್‌ಗಳಿರುತ್ತವೆ. ಹಿಂದಿನಿಂದ ಬರುವ ಶಬ್ದ ಮೊದಲು ಹಿಂದಿನ ಮೈಕ್‌ಗೆ, ಆಮೇಲೆ ಮುಂದಿನ ಮೈಕ್‌ಗೆ ತಲುಪುತ್ತದೆ. ಇವುಗಳ ನಡುವಿನ ಸಮಯ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 30 ಭಾಗ ಮಾತ್ರ. ಸಾಧನವು ಹಿಂದಿನ ಮೈಕ್‌ನ ಶಬ್ದವನ್ನು ಅಷ್ಟೇ ಸಮಯ ತಡೆದು, ಮುಂದಿನ ಮೈಕ್‌ನ ಶಬ್ದದಿಂದ ಕಳೆದುಬಿಡುತ್ತದೆ. ಹಿಂದಿನಿಂದ ಬಂದ ಶಬ್ದ ಬಹಳಷ್ಟು ಅಳಿದು, ಎದುರಿನ ಮಾತು ಉಳಿಯುತ್ತದೆ.

ಪ್ರಯೋಗಾಲಯದಲ್ಲಿ ಇದರಿಂದ 3ರಿಂದ 5 ಡೆಸಿಬೆಲ್‌ಗಳಷ್ಟು ಪ್ರಯೋಜನ ಸಿಗುತ್ತದೆ. ಹೊರಗಿನ ಲೋಕದಲ್ಲಿ ಲಾಭ ಅಷ್ಟಿಲ್ಲ. ಎತ್ತರದ ಮಾಡು, ಟೈಲ್ಸ್ ನೆಲ, ಬರಿ ಗೋಡೆಗಳಿರುವ ಚರ್ಚ್ ಅಥವಾ ಸಭಾಂಗಣದಲ್ಲಿ ಹಿಂದಿನ ಗದ್ದಲ ಎದುರಿನ ಗೋಡೆಗೆ ಬಡಿದು ಮುಂದಿನಿಂದಲೇ ವಾಪಸು ಬರುತ್ತದೆ. ದೂರದಲ್ಲಿ ನಿಂತವರ ಮಾತು ಎಲ್ಲ ದಿಕ್ಕುಗಳಿಂದ ಪ್ರತಿಧ್ವನಿಸಿ ಬರುವುದರಿಂದ ದಿಕ್ಕಿನ ಉಪಾಯ ನಡೆಯುವುದಿಲ್ಲ. ಕಿವಿಯನ್ನು ಪೂರ್ತಿ ಮುಚ್ಚದ, ತೂತುಗಳಿರುವ ರಬ್ಬರ್ ತುದಿ ಹಾಕಿದ್ದರೆ ಗದ್ದಲ ಸಾಧನದ ಮೂಲಕ ಹಾದುಹೋಗದೆ ನೇರವಾಗಿ ಕಿವಿಯೊಳಗೆ ನುಗ್ಗುತ್ತದೆ. ನಮ್ಮ ಕರಾವಳಿಯ ಸೆಖೆ, ಬೆವರು ಮತ್ತು ತೇವಾಂಶದ ಹವೆಯಲ್ಲಿ ಮೈಕ್‌ನ ಸಣ್ಣ ಕಿಂಡಿ ಕಟ್ಟಿಕೊಂಡರೆ ಎರಡು ಮೈಕ್‌ಗಳ ಹೊಂದಾಣಿಕೆ ತಪ್ಪುತ್ತದೆ. ಆದ್ದರಿಂದ ರಾತ್ರಿ ಸಾಧನವನ್ನು ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಇಡುವುದು, ಕಾಲಕಾಲಕ್ಕೆ ಸ್ವಚ್ಛ ಮಾಡಿಸುವುದು ಅಗತ್ಯ.

ಕೃತಕ ಬುದ್ಧಿಮತ್ತೆಯ ಹೊಸ ಸಾಧನಗಳು

ಕಳೆದ ಹದಿನೈದು ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ಮಹತ್ವದ ಬದಲಾವಣೆಯಾಗಿದೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಎರಿಕ್ ಹೀಲಿ, ಡಿಲಿಯಾಂಗ್ ವಾಂಗ್ ಮತ್ತು ಸಂಗಡಿಗರು, ಮಾತು ಮತ್ತು ಗದ್ದಲದ ಅಪಾರ ಮಾದರಿಗಳಿಂದ ಕಲಿತ ಕಂಪ್ಯೂಟರ್ ವಿಧಾನವೊಂದು ಶ್ರವಣ ದೋಷವುಳ್ಳವರಿಗೆ ಗದ್ದಲದಲ್ಲಿ ಮಾತನ್ನು ಹೆಚ್ಚು ಅರ್ಥವಾಗುವಂತೆ ಮಾಡಬಲ್ಲದು ಎಂಬುದನ್ನು 2013ರಲ್ಲಿ ಪ್ರಕಟಿಸಿದರು. ಅಂದು ಅದಕ್ಕೆ ದೊಡ್ಡ ಕಂಪ್ಯೂಟರ್ ಬೇಕಿತ್ತು. 2021ರಲ್ಲಿ ಡೆನ್ಮಾರ್ಕ್‌ನ ಓಟಿಕಾನ್ ಕಂಪನಿ ಇಂಥ ತಂತ್ರವನ್ನು ಕಿವಿಯ ಹಿಂದಿನ ಪುಟ್ಟ ಸಾಧನದೊಳಗೇ ಅಳವಡಿಸಿತು. 2024ರಲ್ಲಿ ಸ್ವಿಟ್ಜರ್ಲೆಂಡಿನ ಫೋನಾಕ್ ಕಂಪನಿ ಮಾತನ್ನು ಗದ್ದಲದಿಂದ ಬೇರ್ಪಡಿಸುವುದಕ್ಕೆಂದೇ ಪ್ರತ್ಯೇಕ ಚಿಪ್ ಇರುವ ಸಾಧನವನ್ನು ತಂದಿತು.

ಇವು ನಿಜವಾದ ಮುನ್ನಡೆ. ಆದರೆ ಇಲ್ಲಿಯೂ ಮಿತಿಗಳಿವೆ. ಸಾಧನ ಶಬ್ದವನ್ನು ಪರಿಶೀಲಿಸಿ ಕಿವಿಗೆ ಕೊಡಲು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಹೆಚ್ಚು ತಡ ಮಾಡುವಂತಿಲ್ಲ; ತಡವಾದರೆ ನಮ್ಮದೇ ಧ್ವನಿ ನಮಗೆ ಪ್ರತಿಧ್ವನಿಯಂತೆ ಕೇಳುತ್ತದೆ. ಲೆಕ್ಕ ಹೆಚ್ಚಾದಷ್ಟು ಬ್ಯಾಟರಿ ಬೇಗ ಮುಗಿಯುತ್ತದೆ. ಬೆಲೆಯೂ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ, ಮೇಜಿನ ಸುತ್ತ ಕುಳಿತ ಆರು ಮಂದಿಯಲ್ಲಿ ಈ ಕ್ಷಣ ನೀವು ಕೇಳಬಯಸುವುದು ಮಗಳ ಮಾತನ್ನೋ ಭಾವನ ಮಾತನ್ನೋ ಎಂಬುದು ಯಂತ್ರಕ್ಕೆ ತಿಳಿಯದು. ಅದು ನಿಮ್ಮ ಮನಸ್ಸಿನಲ್ಲಿರುವ ವಿಷಯ.

ಹತ್ತಿರ ಬರುವುದೇ ದೊಡ್ಡ ಮದ್ದು

ದುಬಾರಿ ಚಿಪ್‌ಗಿಂತ ಹೆಚ್ಚು ಕೆಲಸ ಮಾಡುವ, ಖರ್ಚಿಲ್ಲದ ಉಪಾಯವೊಂದಿದೆ. ಮಾತನಾಡುವವರ ಮತ್ತು ಕೇಳುವವರ ನಡುವಿನ ದೂರ ಅರ್ಧವಾದರೆ ಅವರಿಂದ ನೇರವಾಗಿ ಬರುವ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ. ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. 4 ಮೀಟರ್ ದೂರದಿಂದ ಮಾತನಾಡುವ ಬದಲು 2 ಮೀಟರ್‌ಗೆ ಬಂದರೆ 6, 1 ಮೀಟರ್‌ಗೆ ಬಂದರೆ 12 ಡೆಸಿಬೆಲ್. ಮುಚ್ಚಿದ ಕೋಣೆಯಲ್ಲಿ ಪ್ರತಿಧ್ವನಿಯಿಂದಾಗಿ ಲೆಕ್ಕ ಸ್ವಲ್ಪ ಕಡಿಮೆಯಾದರೂ, ಎರಡು ಮೈಕ್‌ಗಳ ಉಪಾಯದಿಂದ ಪ್ರಯೋಗಾಲಯದಲ್ಲಿ ಸಿಗುವುದಕ್ಕಿಂತ ಇದು ಹೆಚ್ಚು. ಅಡುಗೆಮನೆಯಿಂದ ಜಗಲಿಯಲ್ಲಿರುವ ಅಜ್ಜನನ್ನು ಕೂಗಿ "ಕೇಳುವುದಿಲ್ಲವಾ?" ಎಂದು ಸಿಡುಕುವ ಬದಲು ನಾಲ್ಕು ಹೆಜ್ಜೆ ನಡೆದು ಬಂದರೆ ಸಾಕು.

ಹತ್ತಿರ ಬರಲಾಗದ ಕಡೆ ಮೈಕನ್ನು ಹತ್ತಿರ ಒಯ್ಯಬಹುದು. ಮಾತನಾಡುವವರ ಅಂಗಿಗೆ ಸಿಕ್ಕಿಸುವ ಅಥವಾ ಮೇಜಿನ ಮೇಲಿಡುವ ಸಣ್ಣ ವೈರ್‌ಲೆಸ್ ಮೈಕ್‌ಗಳು ಮಾತನ್ನು ನೇರವಾಗಿ ಶ್ರವಣ ಸಾಧನಕ್ಕೆ ಕಳುಹಿಸುತ್ತವೆ. ಬಾಯಿಯ ಬಳಿಯೇ ಮೈಕ್ ಇರುವುದರಿಂದ ಗದ್ದಲದಲ್ಲಿ ಇದರಷ್ಟು ಸಹಾಯ ಮಾಡುವ ಉಪಕರಣ ಬೇರೊಂದು ಇಲ್ಲವೆನ್ನಬಹುದು.

ಚರ್ಚ್ ಹಾಗೂ ಸಭಾಭವನಗಳಿಗೆ ಇನ್ನೊಂದು ವ್ಯವಸ್ಥೆಯಿದೆ. ನೆಲದ ಸುತ್ತ ಹಾಸಿದ ವಯರನ್ನು ಧ್ವನಿವರ್ಧಕದ ಆಂಪ್ಲಿಫೈಯರ್‌ಗೆ ಜೋಡಿಸುತ್ತಾರೆ. ವಯರಿನ ಕಾಂತಕ್ಷೇತ್ರವನ್ನು ಸಾಧನದೊಳಗಿನ 'ಟೆಲಿಕಾಯಿಲ್' ಎಂಬ ಪುಟ್ಟ ಸುರುಳಿ ಗ್ರಹಿಸುತ್ತದೆ. ಮೈಕ್‌ನಲ್ಲಿ ಆಡಿದ ಮಾತು ಪ್ರತಿಧ್ವನಿಯಿಲ್ಲದೆ, ಫ್ಯಾನಿನ ಸದ್ದಿಲ್ಲದೆ ಕಿವಿಯನ್ನು ತಲುಪುತ್ತದೆ. ಯುರೋಪಿನ ಅನೇಕ ಚರ್ಚ್‌ಗಳಲ್ಲಿ, ನಾಟಕ ಮಂದಿರಗಳಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿದೆ. 2022ರಲ್ಲಿ 'ಆರಾಕಾಸ್ಟ್' ಎಂಬ ಬ್ಲೂಟೂತ್ ಪ್ರಸಾರ ವ್ಯವಸ್ಥೆಯನ್ನೂ ಪ್ರಕಟಿಸಲಾಗಿದ್ದು, ಅದನ್ನು ಸ್ವೀಕರಿಸಬಲ್ಲ ಸಾಧನಗಳು ಒಂದೊಂದಾಗಿ ಬರುತ್ತಿವೆ. ಹೊಸ ಧ್ವನಿವರ್ಧಕಗಳಿಗೆ ಹಣ ಕೂಡಿಸುವಾಗ ನಮ್ಮ ಧರ್ಮಕೇಂದ್ರಗಳು ಇಂಥ ವ್ಯವಸ್ಥೆಯ ಕುರಿತೂ ವಿಚಾರಿಸಿದರೆ ಎಷ್ಟೋ ಹಿರಿಯರಿಗೆ ಪ್ರವಚನ ಮತ್ತೆ ಕೇಳಿಸೀತು.

ಖರೀದಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಮೊದಲು ಇ.ಎನ್.ಟಿ. ವೈದ್ಯರಿಂದ ಕಿವಿ ತೋರಿಸಿಕೊಳ್ಳಿ. ಕೆಲವೊಮ್ಮೆ ಗುಗ್ಗೆ ತೆಗೆದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಒಂದೆರಡು ದಿನಗಳಲ್ಲಿ ಹಠಾತ್ತನೆ ಕಿವಿ ಕೇಳದಂತಾದರೆ ಅದು ತುರ್ತು ಪರಿಸ್ಥಿತಿ. ತಡ ಮಾಡದೆ ವೈದ್ಯರಲ್ಲಿಗೆ ಹೋಗಬೇಕು. ನಂತರ ಅರ್ಹ ಆಡಿಯಾಲಜಿಸ್ಟ್ ಬಳಿ ಈ ಪ್ರಶ್ನೆಗಳನ್ನು ಕೇಳಿರಿ:

1. ಗದ್ದಲದ ನಡುವೆ ವಾಕ್ಯ ಕೇಳಿಸಿ ಮಾಡುವ ಪರೀಕ್ಷೆ ಇಲ್ಲಿದೆಯೇ? (ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡ ವಾಕ್ಯಗಳ ಪರೀಕ್ಷಾ ಪಟ್ಟಿಗಳನ್ನು ರೂಪಿಸಲಾಗಿದೆ.)
2. ಈ ಸಾಧನದಲ್ಲಿ ಡೈರೆಕ್ಷನಲ್ ಮೈಕ್ ಇದೆಯೇ? ಟೆಲಿಕಾಯಿಲ್ ಇದೆಯೇ? ಹೊರಗಿನ ಮೈಕ್ ಜೋಡಿಸಬಹುದೇ?
3. ಖರೀದಿಗೆ ಮೊದಲು ಕೆಲವು ದಿನ ಬಳಸಿ ನೋಡಲು ಕೊಡುವಿರಾ?
4. ಸಾಧನ ನನ್ನ ಕಿವಿಯೊಳಗೆ ಎಷ್ಟು ಶಬ್ದ ಕೊಡುತ್ತಿದೆ ಎಂದು ಅಳೆದು ಹೊಂದಿಸುವಿರಾ?
5. ಮುಂದಿನ ತಿಂಗಳುಗಳಲ್ಲಿ ಎಷ್ಟು ಬಾರಿ ಹೊಂದಾಣಿಕೆ ಮಾಡಿಕೊಡುವಿರಿ?

ಕೊನೆಯ ಪ್ರಶ್ನೆ ಬಹಳ ಮುಖ್ಯ. ವರ್ಷಗಟ್ಟಲೆ ಕೇಳದಿದ್ದ ಶಬ್ದಗಳಿಗೆ ಮಿದುಳು ಮತ್ತೆ ಒಗ್ಗಿಕೊಳ್ಳಲು ವಾರಗಳೇ ಬೇಕು. ಮೊದಲ ದಿನವೇ ಸಾಧನವನ್ನು ಮದುವೆ ಮನೆಗೆ ಹಾಕಿಕೊಂಡು ಹೋಗಬೇಡಿ. ಮೊದಲು ಮನೆಯೊಳಗೆ ಒಬ್ಬರ ಜೊತೆ, ಆಮೇಲೆ ಇಬ್ಬರು ಮೂವರ ಜೊತೆ, ಆ ಮೇಲೆ ಅಂಗಡಿ, ಬಸ್ಸು, ಸಮಾರಂಭ. ಹೀಗೆ ಹಂತ ಹಂತವಾಗಿ ಅಭ್ಯಾಸವಾಗಲಿ.

ಮಂಗಳೂರಿನಲ್ಲಿ ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಯ ವಾಕ್ ಮತ್ತು ಶ್ರವಣ ಕಾಲೇಜು ಸೇರಿದಂತೆ ಈ ವಿದ್ಯೆಯನ್ನು ಕಲಿಸುವ ಕಾಲೇಜುಗಳಿವೆ. ಹಣದ ಅಡಚಣೆಯಿದ್ದವರು ಕೇಂದ್ರ ಸರ್ಕಾರದ ಅಡಿಪ್ ಯೋಜನೆಯ ಬಗ್ಗೆ ಮತ್ತು 60 ವರ್ಷ ದಾಟಿದ ಬಡ ಹಿರಿಯರಿಗಾಗಿ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಬಗ್ಗೆ ಜಿಲ್ಲೆಯ ಅಂಗವಿಕಲರ ಹಾಗೂ ಹಿರಿಯ ನಾಗರಿಕರ ಇಲಾಖೆಯಲ್ಲಿ ವಿಚಾರಿಸಬಹುದು.

ನಾವು ಮಾಡಬೇಕಾದದ್ದು

ಕೂರುವ ಜಾಗವನ್ನು ಯೋಚಿಸಿ ಆರಿಸಿಕೊಳ್ಳಿ. ಡೈರೆಕ್ಷನಲ್ ಮೈಕ್ ಇರುವವರ ಬೆನ್ನ ಹಿಂದೆ ಗದ್ದಲವಿರಲಿ, ಮಾತನಾಡುವವರು ಎದುರಿಗಿರಲಿ. ಸ್ಪೀಕರ್ ಬಾಕ್ಸ್, ಅಡುಗೆಯ ಕಡೆ, ಫ್ಯಾನಿನ ಕೆಳಭಾಗ ಬೇಡ. ಮಾತನಾಡುವವರ ಮುಖದ ಮೇಲೆ ಬೆಳಕು ಬೀಳಲಿ. ತುಟಿಯ ಚಲನೆ ನೋಡಿದರೆ ಕಿವಿಗೆ ಜಾರಿದ ವ್ಯಂಜನವನ್ನು ಕಣ್ಣು ಹಿಡಿಯುತ್ತದೆ.

ಮನೆಮಂದಿ ಮೊದಲು ಹೆಸರು ಹಿಡಿದು ಕರೆದು, ಅವರು ತಿರುಗಿದ ಮೇಲೆ ವಿಷಯ ಹೇಳಲಿ. ಟಿವಿ ಆರಿಸಲಿ. ಕಿರುಚಿದರೆ ಸ್ವರಗಳು ಮಾತ್ರ ದೊಡ್ಡದಾಗುತ್ತವೆ, ವ್ಯಂಜನಗಳು ಅಷ್ಟಾಗಿ ಏರುವುದಿಲ್ಲ. ಆದ್ದರಿಂದ ಕಿರುಚದೆ ಸ್ವಲ್ಪ ನಿಧಾನವಾಗಿ, ಬಿಡಿಸಿ ಹೇಳಬೇಕು. ಒಮ್ಮೆ ತಿಳಿಯದಿದ್ದರೆ ಅದೇ ಮಾತನ್ನು ನಾಲ್ಕು ಸಲ ಕೂಗುವ ಬದಲು ಬೇರೆ ಪದಗಳಲ್ಲಿ ಹೇಳಿ. "ಬಿಡಿ, ಏನಿಲ್ಲ" ಎಂದು ಮಾತ್ರ ಹೇಳಬೇಡಿ. ಕೇಳದವರ ಮನಸ್ಸಿಗೆ ಅದಕ್ಕಿಂತ ನೋವು ಕೊಡುವ ಮಾತು ಇನ್ನೊಂದಿಲ್ಲ.

ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಪ್ರಮಾಣದ ಶ್ರವಣ ದೋಷವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ತಿಳಿಸಿದೆ. ಅಂದರೆ ಪ್ರತಿ ಐವರಲ್ಲಿ ಒಬ್ಬರು. ನಮ್ಮ ಪ್ರತಿಯೊಂದು ಕುಟುಂಬದ ಊಟದ ಮೇಜಿನಲ್ಲಿ ಒಬ್ಬರಾದರೂ ಇದ್ದಾರು. ಶ್ರವಣ ಸಾಧನ ಮಾತನ್ನು ಕಿವಿಯವರೆಗೆ ತಂದುಕೊಡುತ್ತದೆ, ಗದ್ದಲವನ್ನು ಸಹಿಸುವಂತೆ ಮಾಡುತ್ತದೆ. ಮಿಕ್ಕ ದೂರವನ್ನು ಕ್ರಮಿಸಬೇಕಾದವರು ಮಾತನಾಡುವ ನಾವು. ಕಪಾಟಿನಲ್ಲಿ ಮಲಗಿರುವ ಸಾಧನವನ್ನು ಹೊರತೆಗೆದು, ಮತ್ತೊಮ್ಮೆ ಹೊಂದಿಸಿಕೊಂಡು ಬಂದು, ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು ಮಾತು ಆರಂಭಿಸೋಣ.